ಒಂದು ದಿನದ ಮುಯ್ಯಿ

ಮೇ ತಿಂಗಳು ಮುಗಿಯುತ್ತ ಬಂದಿತ್ತು. ಹಾಂಕೊಪಂಪದ ಬಯಲಿನಲ್ಲಿ ಎಲ್ಲಿ ನೋಡಿದರೂ ಆಲೂಗಡ್ಡೆಯ ಅಗೆತ. ನಿಕಾನೋರ್ ಲಾರೂತನ ಹೊಲದಲ್ಲಿ ಗಂಡಸರು ಗುದ್ದಲಿಯಿಂದ ಏರಿ ಒಡೆಯುತ್ತ ಮುಂದೆ ಹೋಗುತ್ತಿದ್ದರು, ಹೆಂಗಸರು ಮೊಣಕಾಲೂರಿ ಗಡ್ಡೆ ಆರಿಸುತ್ತ ಹಿಂದೆ ಬರುತ್ತಿದ್ದರು. ದೊಡ್ಡವು ಸಂತೆಗೆ, ನಡುವಣವು ಬೀಜಕ್ಕೆ, ಸಣ್ಣವು ಚುನ್ಯೊಗೆ. ನಮ್ಮ ಎತ್ತರದ ಸೀಮೆಯಲ್ಲಿ ಜೂನ್ ಎಂದರೆ ನಡುಚಳಿಗಾಲ; ನೆಲ ಬೆಳ್ಳಗಾಗುವಂಥ ಚಳಿ ಬಿದ್ದಾಗ ಆ ಸಣ್ಣ ಗಡ್ಡೆಗಳನ್ನು ಹುಲ್ಲಿನ ಮೇಲೆ ಹರಡಿ, ಹೆಪ್ಪುಗಟ್ಟಿದ ಮೇಲೆ ಬರಿಗಾಲಲ್ಲಿ ತುಳಿದು ನೀರು ಹಿಂಡಿ, ಬಿಸಿಲಿಗೆ ಬಿಟ್ಟರೆ ಕಲ್ಲಿನಂತೆ ಕಪ್ಪಾಗಿ ಒಣಗುತ್ತವೆ. ಚುನ್ಯೊ ಇರುವ ಮನೆ ಎಂಥ ಕೆಟ್ಟ ವರ್ಷದಲ್ಲೂ ಉಪವಾಸ ಬೀಳುವುದಿಲ್ಲ.

ಬಂದವರೆಲ್ಲ ಮುಯ್ಯಾಳುಗಳೇ. ನಮ್ಮ ಕಡೆ ಅಗೆತಕ್ಕೆ ಕೂಲಿ ಕೊಡುವ ಪದ್ಧತಿಯಿಲ್ಲ. ಇಂದು ನೀನು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ. ದುಡಿಯಲು ಬಂದವನು ದುಡಿಸಿಕೊಂಡವರ ಒಲೆಯಲ್ಲಿ ಬೆಂದದ್ದನ್ನು, ಅವರ ಜೊತೆ ಕೂತು ಉಂಡರೆ ಮಾತ್ರ ಆ ದಿನ ಸಂದಂತೆ. ಉಣ್ಣದೆ ಎದ್ದು ಹೋದರೆ ಎಷ್ಟು ದುಡಿದಿದ್ದರೂ ಲೆಕ್ಕಕ್ಕಿಲ್ಲ.

ಕಾಲುವೆಯಾಚೆಯ ಮನೆಯ ಹಿಲಾರಿಯಾ ಎರಡನೆಯ ದಿನವೂ ಬಂದಿದ್ದಳು. ಗಂಡ ಸತ್ತು ಬಹಳ ವರ್ಷವಾಗಿತ್ತು. ಒಬ್ಬನೇ ಮಗ ಫ್ರೊಯ್ಲಾನ್ ಗಡಿಯಾಚೆಯ ಸಾವೊ ಪಾವ್ಲೊ ನಗರದ ಹೊಲಿಗೆ ಕಾರ್ಖಾನೆಗೆಂದು ಹೋದವನು, ಸುದ್ದಿಯೇ ಇಲ್ಲ. ಮೊಣಕಾಲು ನೋವೆಂದು ಗೊಣಗುತ್ತಲೇ ಅವಳು ಎಲ್ಲರಿಗಿಂತ ಮೊದಲು ಸಾಲು ಮುಗಿಸುತ್ತಿದ್ದಳು.

ಮಧ್ಯಾಹ್ನಕ್ಕೆ ನಿಕಾನೋರನ ಹೆಂಡತಿ ಬೆನೀತಾ ಹೊಲದಲ್ಲೇ ಮಣ್ಣಿನ ಹೆಂಟೆ ಪೇರಿಸಿ ಕಾಯಿಸಿದ್ದ ಒಲೆ ಒಡೆದು ಸುಟ್ಟ ಗಡ್ಡೆ ಹೊರತೆಗೆದಳು. ಸೊಸೆ ಸೆನೋಬಿಯಾ ಗಿಣ್ಣು, ಕಾರದ ಚಟ್ನಿ, ಹುರಿದ ಸಣ್ಣ ಮೀನು ತಂದು ಬಟ್ಟೆಯ ಮೇಲೆ ಇಟ್ಟಳು. ಆಗ ಮಗ ಅಬ್ದೋನ್ ಬಂದ. ಬೆಳಗಿನಿಂದ ಪಕ್ಕದ ಊರಿನ ಅಂಗಡಿಯವನ ಮನೆಯಲ್ಲಿ ಪ್ರಾರ್ಥನೆಗೆ ಹೋಗಿದ್ದ. ಕಾಲಲ್ಲಿ ಕರಿಬೂಟು, ಕಂಕುಳಲ್ಲಿ ಬೈಬಲ್ಲಿನ ಚೀಲ. ಎಲ್ಲರೂ ಟೋಪಿ ತೆಗೆದರು. ಅವನು ಊಟಕ್ಕೆ ಮೊದಲಿನ ಪ್ರಾರ್ಥನೆ ಶುರುಮಾಡಿದ. ಅದು ಮುಗಿಯಲೇ ಇಲ್ಲ.

"ದೇವರಿಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ ಕಣೋ ಮಗಾ," ಎಂದಳು ಹಿಲಾರಿಯಾ ಕಣ್ಣು ಮುಚ್ಚಿಕೊಂಡೇ. "ಗಡ್ಡೆ ಆರಿಹೋಗ್ತವೆ."

ಯಾರೋ ಕಿಸಕ್ಕನೆ ನಕ್ಕರು. ಅಬ್ದೋನ್ ಆಮೆನ್ ಹೇಳಿ ಕೂತ. ಉಣ್ಣುತ್ತ ಹಿಲಾರಿಯಾ ಬೆನೀತಾಗೆ ಹೇಳಿದಳು, ಈ ಎರಡು ದಿನಕ್ಕೆ ಮುಯ್ಯಿಯಾಗಿ ತನಗೆ ಗುದ್ದಲಿಯವರು ಬೇಡ, ಚಳಿ ಬಿದ್ದಾಗ ತನ್ನ ಚುನ್ಯೊ ತುಳಿಯಲು ಅಬ್ದೋನನನ್ನು ಕಳಿಸಿದರೆ ಸಾಕು ಎಂದು. ತನ್ನ ಮೊಣಕಾಲು ಈ ಸಲ ಕೇಳುವುದಿಲ್ಲವಂತೆ. ಸೆನೋಬಿಯಾ ನಡುವೆ ಬಾಯಿ ಹಾಕಿ, ಅವರಿಗೆ ಜೂನ್ ಪೂರ್ತಿ ಪ್ರಾರ್ಥನಾ ಕೂಟಗಳಿವೆ, ಮಾವ ಬರುತ್ತಾರೆ ಎಂದಳು.

"ಹೌದು ಬಿಡು," ಎಂದಳು ಹಿಲಾರಿಯಾ ಗಡ್ಡೆಯ ಸಿಪ್ಪೆ ಬಿಡಿಸುತ್ತ. "ಆ ಕಾಲು ಬೂಟಿನೊಳಗೇ ಇದ್ದೂ ಇದ್ದೂ ಹಸುಗೂಸಿನ ಕಾಲಿನ ಹಾಗೆ ಆಗಿರ್ಬೇಕು. ಹಿಮದ ಮೇಲೆ ಇಟ್ರೆ ಅಳ್ತವೆ. ಎತ್ಕೊಂಡು ಸಮಾಧಾನ ಮಾಡೋರು ಯಾರು?"

ಎಲ್ಲರೂ ನಕ್ಕರು. ನಿಕಾನೋರ್ ಕೂಡ ನಕ್ಕ. ಅಬ್ದೋನ್ ಮಾತ್ರ ನಗಲಿಲ್ಲ. ಅವನ ಕಿವಿ ಕೆಂಪಾಯಿತು. ಕೈಯಲ್ಲಿದ್ದ ಗಿಣ್ಣನ್ನು ಬಟ್ಟೆಯ ಮೇಲಿಟ್ಟು ಎದ್ದು ನಿಂತ. ಬಲಗೈ ಎತ್ತಿದ. ಊರಿನ ಪ್ರಾರ್ಥನಾ ಸಭೆಯಲ್ಲಿ ಮುಂದಾಗುವುದರ ಪ್ರವಾದನೆ ಹೇಳುವಾಗ ಅವನ ದನಿ ಬೇರೆಯಾಗುತ್ತದೆ. ಆ ದನಿ ಬಂತು.

"ಕರ್ತನು ಹೇಳುತ್ತಾನೆ, ಹಿಲಾರಿಯಾ. ಈ ವರ್ಷದ ಚುನ್ಯೊವನ್ನು ನೀನು ಉಣ್ಣುವುದಿಲ್ಲ."

ಹಿಲಾರಿಯಾ ಅರ್ಧ ಸುಲಿದ ಗಡ್ಡೆಯನ್ನು ನೋಡಿದಳು. ಅದನ್ನು ಮೆಲ್ಲಗೆ ಕೆಳಗಿಟ್ಟು ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ತಲೆ ಬಾಗಿಸಿ, "ಆತನ ಚಿತ್ತ," ಎಂದಳು. ಆಮೇಲೆ ಎದ್ದು ಹೋಗಿ ತನ್ನ ಸಾಲನ್ನು ಕೊನೆಯವರೆಗೂ ಆರಿಸಿ ಮುಗಿಸಿದಳು. ಸಂಜೆಯವರೆಗೆ ಹೊಲದಲ್ಲಿ ಮತ್ತೆ ಯಾರೂ ತಮಾಷೆ ಮಾಡಲಿಲ್ಲ.

*

ಅಬ್ದೋನನಿಗೆ ಪ್ರವಾದನೆಯ ವರ ಬಂದು ಮೂರು ವರ್ಷವಾಗಿತ್ತು. ಮೊದಲ ಪ್ರವಾದನೆ ಬಂದದ್ದೂ ಹಿಲಾರಿಯಾಳಿಗೇ. ಮಗನ ಸುದ್ದಿಯಿಲ್ಲವೆಂದು ಅವಳು ಸಭೆಯಲ್ಲಿ ಅಳುತ್ತಿದ್ದಾಗ, ಹಿಂದಿನ ಬೆಂಚಿನಲ್ಲಿದ್ದ ಅಬ್ದೋನ್ ಗಾಳಿಗೆ ಸಿಕ್ಕ ಬಾರ್ಲಿ ಕಡ್ಡಿಯಂತೆ ನಡುಗುತ್ತ ನೆಲಕ್ಕೆ ಬಿದ್ದ. "ನಿನ್ನ ಮಗ ಬದುಕಿದ್ದಾನೆ, ನಿನ್ನ ಬಾಗಿಲಿನಿಂದಲೇ ಒಳಗೆ ಬರುತ್ತಾನೆ," ಎಂದ. ಮನೆಗೆ ಬಂದವನು ಎರಡು ದಿನ ಏನೂ ಮುಟ್ಟಲಿಲ್ಲ. ಕುರಿ ದೊಡ್ಡಿಯ ಮೂಲೆಯಲ್ಲಿ ಕೂತು, ನನಗೆ ಇದು ಬೇಡ ಅವ್ವಾ, ನನಗೆ ಹೆದರಿಕೆ ಎಂದು ಅತ್ತ. ಬೆನೀತಾ ಆ ದಿನ ಮಗನ ತಲೆ ಸವರಿ ಸಂತೋಷಪಟ್ಟಿದ್ದಳು.

ಆಮೇಲೆ ಮಾತುಗಳು ಒಂದೊಂದಾಗಿ ನಿಜವಾಗತೊಡಗಿದವು. ಕಳೆದುಹೋದ ಕಡಸು ಅವನು ಹೇಳಿದ ಗುಡ್ಡದ ಹಿಂದೆಯೇ ಸಿಕ್ಕಿತು. ಮೇಷ್ಟ್ರ ಹೆಂಡತಿಗೆ ಗಂಡು ಎಂದ, ಗಂಡೇ ಹುಟ್ಟಿತು. ಜನ ದೂರದಿಂದ ಬಂದರು. ಕೋಳಿ, ಕುರಿ, ಬಟ್ಟೆ ತಂದರು. ಬೂಟು ಬಂತು. ನಡುಕ ಯಾವಾಗ ನಿಂತಿತೆಂದು ಹೇಳುವುದು ಕಷ್ಟ. ಈಚೆಗೆ ಅಂಗಡಿಯವನ ಮನೆಯಲ್ಲಿ ಕೋಳಿಯ ಕಾಲು ಕಚ್ಚುತ್ತ, ಬಾಯಿ ತುಂಬ ತುತ್ತು ಇಟ್ಟುಕೊಂಡೇ, ನಿನ್ನ ಲಾರಿಯನ್ನು ಈ ವಾರ ಹೊರಗೆ ಬಿಡಬೇಡ ಎಂದನಂತೆ. ಅಂಗಡಿಯವನು ಬಿಟ್ಟ. ಲಾರಿ ಮಗುಚಿತು.

ಆ ರಾತ್ರಿ ಊಟಕ್ಕೆ ಕೂತಾಗ ಬೆನೀತಾ ಮಗನ ಬಟ್ಟಲಿಗೆ ಸಾರು ಹಾಕದೆ ಸೌಟು ಹಿಡಿದೇ ಕೇಳಿದಳು.

"ಅವತ್ತು ದೊಡ್ಡಿಯಲ್ಲಿ ಕೂತು ಅತ್ಯಲ್ಲ. ಇವತ್ತು ಯಾಕೆ ಅಳಲಿಲ್ಲ?"

"ಅವ್ವಾ, ಊಟ ಹಾಕು."

"ಆ ಮಾತು ನಿನಗೆ ಕೇಳಿಸ್ತಾ?"

"ಬಾಯಿ ತೆಗೆದೆ. ಬಂತು."

"ಎಲ್ಲಿಂದ ಬಂತು?"

ಸೆನೋಬಿಯಾ ಅತ್ತೆಯ ಕೈಯಿಂದ ಸೌಟು ತೆಗೆದುಕೊಂಡು ಗಂಡನಿಗೆ ಬಡಿಸಿದಳು. ಅವರು ಹೇಳಿದ್ದು ಯಾವತ್ತಾದರೂ ಸುಳ್ಳಾಗಿದೆಯೇ ಎಂದು ಕೇಳಿದಳು.

"ಇಲ್ಲ," ಎಂದಳು ಬೆನೀತಾ. "ಅದೇ ನನಗೆ ಹೆದರಿಕೆ. ದೇವರ ಭಯ ಹೋಗಿದೆ, ವರ ಇನ್ನೂ ಇದೆ. ಕಡಿವಾಣ ಕಿತ್ತುಹೋದ ಕುದುರೆ ಓಡೋದನ್ನ ನಿಲ್ಲಿಸುತ್ತಾ?"

ನಿಕಾನೋರ್ ಮಾತಾಡುವವನಲ್ಲ. ಸಾರಿನಲ್ಲಿದ್ದ ಗಡ್ಡೆಯನ್ನು ಒಡೆಯುತ್ತ, ಹೊರಗೆ ಕಟ್ಟಿದ್ದ ಕತ್ತೆಯ ಕಡೆ ಗಲ್ಲ ತೋರಿಸಿದ. "ಬೈಬಲ್ಲಲ್ಲಿ ಕರ್ತ ಒಂದ್ಸಲ ಕತ್ತೆ ಬಾಯಲ್ಲೂ ಮಾತಾಡಿಸಿದ. ಹಾಗಂತ ಅದು ಹೊರೆ ಹೊರೋದನ್ನ ಬಿಡ್ಲಿಲ್ಲ."

ಅಬ್ದೋನ್ ಬಟ್ಟಲನ್ನು ತಳ್ಳಿ ಎದ್ದು ಹೋದ.

*

ಜೂನ್ ಬಂತು, ಚಳಿ ಬರಲಿಲ್ಲ. ಆಕಾಶ ದಿನವೂ ಕೊಳೆತ ಉಣ್ಣೆಯಂತೆ ಕೆಳಗೆ ತೂಗುತ್ತಿತ್ತು. ಮೋಡವಿದ್ದರೆ ನೆಲ ಹೆಪ್ಪುಗಟ್ಟುವುದಿಲ್ಲ. ಮನೆಮನೆಯಲ್ಲೂ ಸಣ್ಣ ಗಡ್ಡೆಯ ರಾಶಿ ಹುಲ್ಲು ಹೊದ್ದು ಕಾಯುತ್ತಿತ್ತು. ಬೇರೆ ವರ್ಷಗಳಲ್ಲಿ ಇಂಥ ಮೋಡ ಕಂಡರೆ ಊರು ಬೈಯುತ್ತಿತ್ತು. ಈ ಸಲ ಬಯ್ಯುವವರು ಒಮ್ಮೆ ಕಾಲುವೆಯಾಚೆಯ ಮನೆಯ ಕಡೆ ನೋಡಿ ಸುಮ್ಮನಾಗುತ್ತಿದ್ದರು. ಚಳಿ ಬಿದ್ದರೆ ಚುನ್ಯೊ ಆಗುತ್ತದೆ. ಚುನ್ಯೊ ಆದರೆ ಅವಳ ಗಡುವು ಮುಗಿಯುತ್ತದೆ.

ಹಿಲಾರಿಯಾಗೆ ಮೊದಲು ಕೆಮ್ಮು ಹಿಡಿಯಿತು. ಅಗೆತದ ಸಮಯದಲ್ಲಿ ಯಾರಿಗೆ ಕೆಮ್ಮು ಬರುವುದಿಲ್ಲ? ಆದರೆ ಅವಳು ಅದಕ್ಕೆ ಕಷಾಯ ಕುಡಿಯಲಿಲ್ಲ. ಎರವಲು ತಂದಿದ್ದ ಪಾತ್ರೆಗಳನ್ನು ತೊಳೆದು ಅವರವರ ಮನೆಗೆ ಮುಟ್ಟಿಸಿದಳು. ಮೂರು ಕೋಳಿಗಳನ್ನು ಮೂರು ಮನೆಗೆ ಕೊಟ್ಟಳು. ಕುರಿಗಳನ್ನು ತಂಗಿಯ ಮಗಳ ಮಂದೆಗೆ ಸೇರಿಸಿದಳು. ಫ್ರೊಯ್ಲಾನ್ ಬಂದಾಗ ಕೊಡಬೇಕೆಂದು ಅಪ್ಪನ ಕೋಟು ಒಗೆದು ಮಡಿಸಿಟ್ಟಳು. ಯಾರಾದರೂ ಮರುಗಿದರೆ, ಕರ್ತ ಮುಂಚೆಯೇ ತಿಳಿಸಿದನಲ್ಲ, ಎಷ್ಟು ಜನರಿಗೆ ಈ ಪುಣ್ಯ ಉಂಟು ಎನ್ನುತ್ತಿದ್ದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಅವಳ ಭಕ್ತಿಯೇ ಅಂಥದ್ದು.

ಕೆಮ್ಮು ಎದೆಗಿಳಿಯಿತು. ತಂಗಿಯ ಮಗಳು ಆರೋಗ್ಯ ಕೇಂದ್ರದ ನರ್ಸನ್ನು ಕರೆತಂದಳು. ನರ್ಸು ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಎದೆಯಲ್ಲಿ ನೀರಿದೆ, ಸೋಮವಾರದ ಸಂತೆ ಲಾರಿಯಲ್ಲಿ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿ ಹತ್ತು ದಿನ ಸೂಜಿ ಹಾಕಿದರೆ ಎದ್ದು ಓಡಾಡುತ್ತಾಳೆ ಎಂದಳು. ಹಿಲಾರಿಯಾ ಒಪ್ಪಲಿಲ್ಲ. ಕೊಟ್ಟ ಗುಳಿಗೆಯನ್ನೂ ನುಂಗಲಿಲ್ಲ. ಒಂದು ಸೋಮವಾರ ಹೋಯಿತು, ಲಾರಿ ಅವಳ ಮನೆಯ ಮುಂದೆ ನಿಂತು, ಹಾರನ್ ಹೊಡೆದು, ಹೋಯಿತು.

ಇದನ್ನೆಲ್ಲ ಕೇಳಿದ ಬೆನೀತಾ ಒಂದು ಬೆಳಿಗ್ಗೆ ಸಾರಿನ ಪಾತ್ರೆ ಹಿಡಿದು ಕಾಲುವೆ ದಾಟಿದಳು. ಹಿಲಾರಿಯಾ ಗೋಡೆಗೆ ಒರಗಿ ಕೂತಿದ್ದಳು, ಮುಖ ಸಣ್ಣಗಾಗಿತ್ತು. ಬೆನೀತಾ ಸುತ್ತಿ ಬಳಸದೆ ಹೇಳಿದಳು, ಅದು ಹುಡುಗನ ಕೋಪದ ಮಾತು, ದೇವರ ಮಾತಲ್ಲ, ಎದ್ದು ಆಸ್ಪತ್ರೆಗೆ ಹೋಗು ಎಂದು.

"ಅವನು ಹಾಗಂತ ಹೇಳಿದ್ನಾ?"

ಬೆನೀತಾ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲ. ನಾನು ಹೇಳ್ತಿದೀನಿ."

"ನೀನು ತಾಯಿ, ಹೇಳ್ತೀಯ. ಮಾತು ಬಂದದ್ದು ಅವನ ಬಾಯಿಂದ ಅಲ್ವೇನೇ. ಕರ್ತನದಲ್ಲ ಅಂತ ಅವನೇ ಹೇಳ್ಲಿ, ಈಗಲೇ ಎದ್ದು ಲಂಗ ಕಟ್ಕೋತೀನಿ. ನನಗೇನು ಸಾಯೋಕೆ ಆಸೆನಾ?" ಎಂದು ಕೆಮ್ಮಿದಳು. ಕೆಮ್ಮು ನಿಂತ ಮೇಲೆ, "ಆತನದೇ ಆಗಿದ್ರೆ, ನಾನು ಆಸ್ಪತ್ರೆಗೆ ಓಡಿ ತಪ್ಪಿಸ್ಕೊಳ್ಳೋಕೆ ನೋಡಿದ ಹಾಗಾಗುತ್ತೆ. ಅಂಥ ಮುಖ ಇಟ್ಕೊಂಡು ಆತನ ಹತ್ರ ಹೇಗೆ ಹೋಗ್ಲಿ?" ಎಂದಳು.

*

ಮನೆಗೆ ಬಂದ ಬೆನೀತಾ ಮಗನಿಗೆ ಇದನ್ನು ಒಂದಕ್ಷರ ಬಿಡದೆ ಹೇಳಿದಳು. ಅವನು ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದ. ಹೋಗುತ್ತೇನೆ ಎಂದ. ಆದರೆ ಈ ಭಾನುವಾರವಲ್ಲ, ಬರುವ ಭಾನುವಾರ ಕಳೆದ ಮೇಲೆ.

ಕಾರಣವಿತ್ತು. ಎಲ್ ಆಲ್ತೊ ಪಟ್ಟಣದ ಒಂದು ದೊಡ್ಡ ಸಭೆಯ ಹಿರಿಯರು ಆ ಭಾನುವಾರ ಹಾಂಕೊಪಂಪಕ್ಕೆ ಬರುವವರಿದ್ದರು. ಅಬ್ದೋನನ ಹೆಸರು ಅಲ್ಲಿಗೂ ಮುಟ್ಟಿತ್ತು. ಅವನನ್ನು ನೋಡಿ, ಕೇಳಿ, ಒಪ್ಪಿಗೆಯಾದರೆ ಕರೆದುಕೊಂಡು ಹೋಗುವವರು. ಇರಲು ಎರಡು ಕೋಣೆ, ತಿಂಗಳ ಸಂಬಳ, ವಾರಕ್ಕೊಮ್ಮೆ ರೇಡಿಯೋದಲ್ಲಿ ಮಾತು. ಸೆನೋಬಿಯಾ ಆ ಎರಡು ಕೋಣೆಗಳನ್ನು ಮನಸ್ಸಿನಲ್ಲೇ ಗುಡಿಸಿ ಸಾರಿಸಿ ಆಗಿತ್ತು. ನಲ್ಲಿ ನೀರು, ಗ್ಯಾಸ್ ಒಲೆ. ಸಗಣಿ, ಹಿಕ್ಕೆ ಆರಿಸಿ ಬಿರುಕುಬಿಟ್ಟ ಕೈಗೆ ಅದೇನು ಸಣ್ಣ ಆಸೆಯಲ್ಲ.

"ಬಂದವರ ಮುಂದೆ, ನಾನು ಕರ್ತನ ಹೆಸರಲ್ಲಿ ಸುಳ್ಳು ಹೇಳ್ದೆ ಅಂತ ನಿಂತ್ಕೊಳ್ಳಬೇಕಾ ಇವರು?" ಎಂದು ಅವಳು ಅತ್ತೆಗೆ ತಿರುಗಿಬಿದ್ದಳು. "ಒಂದು ವಾರದಲ್ಲಿ ಏನಾಗುತ್ತೆ?"

"ಅವಳ ಎದೆಯನ್ನ ಹೋಗಿ ಕೇಳು, ಒಂದು ವಾರದಲ್ಲಿ ಏನಾಗುತ್ತೆ ಅಂತ."

"ನಿಮಗೆ ಮಗ ಮುಂದೆ ಬರೋದೇ ಬೇಡ ಅತ್ತೆ."

"ಮುಂದೆ ಅಂದ್ರೆ ಎಲ್ಲಿಗೇ? ಅಲ್ಲಿ ದಿನಕ್ಕೆ ನೂರು ಜನ ಬರ್ತಾರೆ. ಒಬ್ಬಳಿಗೆ ಹೀಗಾಯ್ತು. ಕೋಪ ಬಂದಾಗಲೆಲ್ಲ ಒಬ್ಬೊಬ್ಬರನ್ನ ಮಲಗಿಸ್ತಾ ಹೋಗ್ತಾನಾ?"

ಅಬ್ದೋನ್ ಕ್ಷೌರದ ಕತ್ತಿಯನ್ನು ನೀರಿಗೆ ಹಾಕಿದ. ಗಲ್ಲದ ಮೇಲೆ ರಕ್ತದ ಒಂದು ಗೆರೆ ಮೂಡಿತ್ತು. ಅದು ಕರ್ತನದೇ ಆಗಿದ್ದರೆ ಎಂದು ತಾಯಿಯನ್ನು ಕೇಳಿದ. ತನಗೇ ಗೊತ್ತಿಲ್ಲ. ಲಾರಿಯ ಮಾತೂ ಹಾಗೇ ಬಂದಿತ್ತು, ನಿಜವಾಯಿತು. ಅಲ್ಲವೆಂದು ಹೇಳಿ ಕರ್ತನ ಬಾಯಿಗೆ ಅಡ್ಡ ಬಂದರೆ?

ಬೆನೀತಾ ಶಾಲಿನ ತುದಿಯಿಂದ ಅವನ ಗಲ್ಲದ ರಕ್ತ ಒರೆಸಿದಳು.

"ಆತನದೋ ನಿಂದೋ ಅಂತ ಗೊತ್ತಿಲ್ಲದ ಮಾತಿಗೆ ಆತನ ಹೆಸರು ಹಚ್ಚಿದೀಯ. ಇಷ್ಟು ದಿನ ಆದ್ರೂ ನಿನಗೆ ಊಟ ಸೇರುತ್ತೆ, ನಿದ್ದೆ ಬರುತ್ತೆ. ಅದಕ್ಕೆ ಹೆದರು ಮಗಾ. ಬೇರೆಯದಕ್ಕೆ ಆಮೇಲೆ ಹೆದರಬಹುದು."

*

ಜೂನ್ ಇಪ್ಪತ್ನಾಲ್ಕರ ಸಂತ ಯೋಹಾನನ ಹಬ್ಬ ಕಳೆದ ಮಾರನೆಯ ದಿನ ಗಾಳಿ ತಿರುಗಿತು. ಮೋಡ ಹರಿದು ಮಧ್ಯಾಹ್ನದ ಹೊತ್ತಿಗೆ ಆಕಾಶ ಗಾಜಿನಂತಾಯಿತು. ಊರೆಲ್ಲ ಗಡ್ಡೆ ಹೊತ್ತು ಬಯಲಿಗೆ ಓಡಿತು. ನಿಕಾನೋರ್ ತನ್ನ ಗಡ್ಡೆ ಹರಡಿ ಮುಗಿಸಿ, ಯಾರಿಗೂ ಹೇಳದೆ ಹಿಲಾರಿಯಾಳ ಅಂಗಳದ ರಾಶಿಯನ್ನು ಕತ್ತೆಯ ಮೇಲೆ ಹೇರಿ ಅವಳ ಮನೆಯ ಹಿಂದಿನ ಹುಲ್ಲಿಗೆ ತಂದು ಹರಡಿದ. ಬೆಳಿಗ್ಗೆ ನೆಲ ಬೆಳ್ಳಗಿತ್ತು. ಮರುದಿನವೂ ಅಷ್ಟೇ. ಗಡ್ಡೆಗಳು ಒಂದಕ್ಕೊಂದು ತಾಗಿದರೆ ಗೋಲಿಗಳಂತೆ ಸದ್ದು ಮಾಡುತ್ತಿದ್ದವು.

ಶುಕ್ರವಾರ ಸಂಜೆ ಲಾರೂತರ ಮನೆಯಲ್ಲಿ ವರ್ಷದ ಮೊದಲ ಚುನ್ಯೊ ಬೆಂದಿತ್ತು. ಅಂದೇ ತುಳಿದ ಹಸಿ ಚುನ್ಯೊ, ಗಿಣ್ಣು ಹಾಕಿದ್ದು. ಎಲ್ಲ ವರ್ಷ ಇದಕ್ಕೆ ಕೈ ಕೈ ತಾಗುತ್ತದೆ. ಈ ಸಲ ಪಾತ್ರೆ ನಡುವೆ ಹೊಗೆಯಾಡುತ್ತ ಕೂತಿತ್ತು, ಯಾರೂ ಕೈ ಹಾಕಲಿಲ್ಲ.

ಸೆನೋಬಿಯಾ ಸೊಂಟದಿಂದ ಒಂದು ಗಂಟು ಬಿಚ್ಚಿ ಬೆಳ್ಳಿಯ ಶಾಲುಪಿನ್ನು ಹೊರತೆಗೆದು ಗಂಡನ ಬಟ್ಟಲಿನ ಪಕ್ಕ ಇಟ್ಟಳು. ತಲೆಯಲ್ಲಿ ಎರಡು ಹಕ್ಕಿಗಳಿದ್ದ ಹಳೆಯ ಪಿನ್ನು. ಹಿಲಾರಿಯಾಳದೆಂದು ಊರಿಗೆಲ್ಲ ಗುರುತು.

"ಮಧ್ಯಾಹ್ನ ಕರೆಸಿದ್ರು. ಪಟ್ಟಣಕ್ಕೆ ಹೋಗೋಳು, ಶಾಲಿಗೆ ಇರಲಿ ಅಂತ ಕೊಟ್ರು," ಎಂದಳು. "ನನ್ನ ಮಗನ ಸುದ್ದಿ ತಂದುಕೊಟ್ಟ ಬಾಯಿ ಅದು, ನಿನ್ನ ಗಂಡನ ವರವನ್ನ ಕರ್ತ ಕಾಪಾಡ್ಲಿ ಅಂದ್ರು. ಉಸಿರು ತಗೊಳ್ಳೋಕೆ ಆಗ್ತಿರಲಿಲ್ಲ, ಆದ್ರೂ ಅಂದ್ರು. ಇದನ್ನ ನಾನು ಚುಚ್ಚಿಕೊಳ್ಳಲಾರೆ. ನೀವೇ ಹೋಗಿ ವಾಪಸ್ ಕೊಡಿ."

ಅಬ್ದೋನ್ ಪಿನ್ನನ್ನು ಮುಟ್ಟಲಿಲ್ಲ. ಅವನ ಬಟ್ಟಲಿನ ಸಾರು ಹಾಗೇ ಆರಿ ಕೆನೆಗಟ್ಟಿತು.

*

ಶನಿವಾರ ಬೆಳಕು ಹರಿಯುವಾಗ ನಿಕಾನೋರ್ ಹಿಲಾರಿಯಾಳ ಚುನ್ಯೊ ತುಳಿಯಲು ಹೊರಟರೆ, ಮಗ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ. ಅಪ್ಪ ಏನೂ ಕೇಳದೆ ತಿರುಗಿ ಕುರಿಗಳ ಕಡೆ ಹೋದ.

ಬೆಳ್ಳಗಿನ ಹುಲ್ಲಿನ ಮೇಲೆ ಮೊದಲ ಹೆಜ್ಜೆಗೇ ಅಬ್ದೋನನ ಅಂಗಾಲು ಸುಟ್ಟಂತಾಯಿತು. ಗಡ್ಡೆಗಳನ್ನು ಸಣ್ಣ ಸಣ್ಣ ಗುಪ್ಪೆ ಮಾಡಿ, ಗುಪ್ಪೆಯ ಮೇಲೆ ನಿಂತು, ಹಿಮ್ಮಡಿ ತಿರುಗಿಸಿ ತುಳಿದ. ನೀರು ಬೆರಳುಗಳ ನಡುವೆ ಬುಳಬುಳನೆ ಹೊರಬಂತು. ಸಿಪ್ಪೆ ಕಾಲಿಗೆ ಅಂಟಿತು. ಬಿಸಿಲು ಗೋಡೆ ಹತ್ತುವಷ್ಟರಲ್ಲಿ ಎರಡು ಕಾಲೂ ಬಿರಿದು, ನೀರಿನ ಜೊತೆ ಕೆಂಪು ಬೆರೆಯುತ್ತಿತ್ತು. ಅರ್ಧ ಹುಲ್ಲುಬಯಲು ಮುಗಿದಾಗ ಬಾಗಿಲು ಕಿರ್ರೆಂದಿತು. ಹಿಲಾರಿಯಾ ಚೌಕಟ್ಟು ಹಿಡಿದು ನಿಂತಿದ್ದಳು.

"ಮುಯ್ಯಿಗೆ ಬಂದಿದೀಯ," ಎಂದಳು. "ಉಣ್ಣದೆ ಹೋಗಬಾರದು. ಒಂದು ಬೊಗಸೆ ತಗೊಂಡು ಒಳಗೆ ಬಾ."

ಬೇಡವೆಂದರೂ ಕೇಳದೆ ಅವಳೇ ಒಲೆ ಹೊತ್ತಿಸಿದಳು. ಊದಲು ಉಸಿರಿಲ್ಲದೆ ಎರಡು ಸಲ ಕೂತಳು. ಚುನ್ಯೊ ಬೆಂದಿತು. ಅವಳು ಅವನಿಗೆ ಬಟ್ಟಲು ತುಂಬಿ ಕೊಟ್ಟಳು, ತನ್ನ ಮುಂದೆ ಬರಿ ಬಟ್ಟಲು ಇಟ್ಟುಕೊಂಡಳು.

ಅಬ್ದೋನ್ ಪಿನ್ನನ್ನು ತೆಗೆದು ಅವಳ ಬಟ್ಟಲಿನ ಪಕ್ಕದಲ್ಲಿಟ್ಟ.

"ಚಿಕ್ಕವ್ವ, ನೀನೂ ಉಣ್ಣು. ಆ ಮಾತು ಕರ್ತನದಲ್ಲ. ನನ್ನದು. ನೀನು ನಗೆಯಾಡಿದೆ, ನನಗೆ ಉರೀತು. ಅಷ್ಟೇ."

ಹಿಲಾರಿಯಾ ಬೈಯಲಿಲ್ಲ. ಒಲೆಯ ಕೆಂಡವನ್ನು ಕೆದಕಿದಳು. ಅವಳು ಕೇಳಿದ ಪ್ರಶ್ನೆ ಅವನು ನೆನೆಸಿದ್ದಲ್ಲ.

"ಹಾಗಾದ್ರೆ ಫ್ರೊಯ್ಲಾನ್ ಬರ್ತಾನೆ ಅಂದಿದ್ದು ಯಾರ ಮಾತು?"

"ಅದು ನನ್ನದಲ್ಲ. ಅವತ್ತು ನಡುಗಿದ್ದೆ, ನೀನೇ ನೋಡಿದೀಯ."

"ಈಗಲೂ ನಡುಗ್ತಿದೀಯ."

ಅವನು ತನ್ನ ಕೈ ನೋಡಿಕೊಂಡ. ಬಟ್ಟಲು ನೆಲಕ್ಕೆ ತಾಗಿ ಟಕಟಕ ಎನ್ನುತ್ತಿತ್ತು.

"ಚಳಿಗೋ ಏನೋ," ಎಂದಳು ಹಿಲಾರಿಯಾ, ತುಸು ನಕ್ಕಳು. ಪಾತ್ರೆಯಿಂದ ಒಂದು ಚುನ್ಯೊ ತೆಗೆದು ಸಿಪ್ಪೆ ಕಿತ್ತು ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಅಗಿದಳು, ನುಂಗಿದಳು. ಇನ್ನೊಂದು ತೆಗೆದುಕೊಂಡಳು. "ಉಪ್ಪು ಮರೆತಿದೀನಿ," ಎಂದಳು. ಸೋಮವಾರ ಲಾರಿ ಹತ್ತುತ್ತೇನೆ ಎಂದಳು. ಒಂದು ದಿನ ತೀರಿತು, ಇನ್ನೊಂದು ದಿನ ಉಳಿದಿದೆ, ಮರೆಯಬೇಡ ಎಂದಳು.

*

ಹಿಲಾರಿಯಾ ಭಾನುವಾರದ ಬೆಳಕು ನೋಡಲಿಲ್ಲ. ತಂಗಿಯ ಮಗಳು ಹಾಲು ತಂದಾಗ ಮೈ ತಣ್ಣಗಾಗಿತ್ತು. ನರ್ಸು ಬಂದು ನೋಡಿ, ಎರಡು ವಾರ ಮೊದಲು ಕಳಿಸಿದ್ದರೆ ಎಂದು ಶುರುಮಾಡಿ, ಮಾತು ನಿಲ್ಲಿಸಿದಳು.

ಸಭೆಯ ಹೊತ್ತಿಗೆ ಸುದ್ದಿ ಬಯಲನ್ನೆಲ್ಲ ದಾಟಿತ್ತು. ಎಂದೂ ಬಾರದವರೂ ಬಂದರು. ಜನ ಹೊರಗೆ ಕಿಟಕಿಯವರೆಗೆ ನಿಂತಿದ್ದರು. ಪಟ್ಟಣದ ಮೂವರು ಹಿರಿಯರು ಮುಂದಿನ ಬೆಂಚಿನಲ್ಲಿದ್ದರು. ಪ್ರವಾದನೆ ಹೇಗೆ ಬಂತು, ಹೇಗೆ ನೆರವೇರಿತು ಎಂದು ಅಂಗಡಿಯವನು ಅವರ ಕಿವಿಯಲ್ಲಿ ಹೇಳುತ್ತಿದ್ದ. ಅಬ್ದೋನ್ ಒಳಗೆ ಬಂದಾಗ ಜನ ದಾರಿ ಬಿಟ್ಟರು. ಮೊದಲೂ ಬಿಡುತ್ತಿದ್ದರು. ಈಗ ಮಕ್ಕಳನ್ನು ಎಳೆದುಕೊಂಡು ಬಿಟ್ಟರು.

ಅವನ ಕಾಲಲ್ಲಿ ಬೂಟಿರಲಿಲ್ಲ. ಬಟ್ಟೆ ಸುತ್ತಿದ ಕಾಲಿಗೆ ಅಪ್ಪನ ಟಯರಿನ ಚಪ್ಪಲಿ ಹಾಕಿದ್ದ. ಮುಂದೆ ಹೋಗಿ ನಿಂತ.

"ಅವಳು ಉಂಡಳು," ಎಂದ. "ನಿನ್ನೆ ಬೆಳಿಗ್ಗೆ, ಈ ವರ್ಷದ ಚುನ್ಯೊ, ನನ್ನ ಕಣ್ಣೆದುರಿಗೆ ಉಂಡಳು. ನಾನು ಹೇಳಿದ್ದು ನೆರವೇರಲಿಲ್ಲ. ಅದು ಕರ್ತನ ಮಾತೇ ಆಗಿರಲಿಲ್ಲ. ನನ್ನ ಮಾತು ನಂಬಿ ಅವಳು ಮಲಗಿದಳು, ಆಸ್ಪತ್ರೆಗೆ ಹೋಗಲಿಲ್ಲ. ನಾನು ನಿಮ್ಮೆಲ್ಲರಿಗೋಸ್ಕರ ಕಾದೆ. ಈ ದಿನ ಚೆನ್ನಾಗಿ ಕಾಣಲಿ ಅಂತ ಕಾದೆ."

ಹಿಂದಿನಿಂದ ಒಬ್ಬ ಮುದುಕಿ ಸ್ತೋತ್ರ ಎಂದಳು. ಇನ್ನೊಬ್ಬಳು ಅಳತೊಡಗಿದಳು. ಎಂಥ ನಮ್ರತೆ ನೋಡಿ ಎಂದು ಯಾರೋ ಪಿಸುಗುಟ್ಟಿದರು. ಸತ್ತಿದ್ದಾಳಲ್ಲ, ಒಂದು ತುತ್ತು ನುಂಗಿದರೆ ಅದು ಉಂಡಂತಾಯಿತೇ ಎಂದು ಅಂಗಡಿಯವನು ಸುತ್ತಲಿನವರಿಗೆ ವಿವರಿಸಿದ. ಪಟ್ಟಣದ ಹಿರಿಯರಲ್ಲಿ ದಪ್ಪಗಿನವರು ಎದ್ದು ಬಂದು ಅಬ್ದೋನನನ್ನು ಅಪ್ಪಿಕೊಂಡರು. ಕರ್ತನು ಬಳಸುವ ಇಂಥ ದೀನ ಪಾತ್ರೆಯನ್ನೇ ನಾವು ಹುಡುಕುತ್ತಿದ್ದೆವು, ಸೋಮವಾರ ವಾಹನ ಕಳಿಸುತ್ತೇವೆ ಎಂದರು.

ಬೆನೀತಾ ಹೆಂಗಸರ ಕಡೆಯ ಬೆಂಚಿನಲ್ಲಿ ಶಾಲಿನಿಂದ ಮುಖ ಮುಚ್ಚಿಕೊಂಡಳು.

*

ಭಾನುವಾರ ಸಂಜೆ ಮಣ್ಣಾಯಿತು. ಸೋಮವಾರ ಬೆಳಿಗ್ಗೆ ನೆಲ ಮತ್ತೆ ಬೆಳ್ಳಗಿತ್ತು. ಅಬ್ದೋನ್ ಕಾಲುವೆ ದಾಟಿ, ಸುತ್ತಿದ ಬಟ್ಟೆ ಬಿಚ್ಚಿ, ಉಳಿದ ಅರ್ಧ ಹುಲ್ಲುಬಯಲನ್ನು ತುಳಿಯಲು ನಿಂತ. ಮನೆಯ ಬಾಗಿಲಿಗೆ ಹೊರಗಿನಿಂದ ಹಗ್ಗ ಕಟ್ಟಿತ್ತು. ಹೊಗೆಯಿರಲಿಲ್ಲ.

ಬಿಸಿಲು ಬಂದ ಮೇಲೆ ಬೆನೀತಾ, ಸೆನೋಬಿಯಾ ಇಬ್ಬರೂ ಬಂದರು. ಮಾತಿಲ್ಲದೆ, ತುಳಿದ ಚುನ್ಯೊವನ್ನು ಒಣಗಲು ತೆಳುವಾಗಿ ಹರಡತೊಡಗಿದರು. ಸಂತೆ ಲಾರಿ ಬಂತು. ಹಿಲಾರಿಯಾಳ ಮನೆಯ ಮುಂದೆ ವೇಗ ತಗ್ಗಿಸಿ, ನೆನಪಾಗಿ ಮುಂದೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ವಾಹನ ಬಂದು ಲಾರೂತರ ಮನೆಯ ಮುಂದೆ ನಿಂತು ಹಾರನ್ ಹೊಡೆಯಿತು. ಸೆನೋಬಿಯಾ ಒಮ್ಮೆ ಆ ಕಡೆ ನೋಡಿದಳು, ಮತ್ತೆ ಬಗ್ಗಿದಳು. ನಿಕಾನೋರ್ ಹೋಗಿ ಡ್ರೈವರನ ಹತ್ತಿರ ಏನೋ ಹೇಳುತ್ತಿದ್ದುದು ದೂರದಿಂದ ಕಾಣಿಸಿತು. ಹಾರನ್ ಇನ್ನೂ ಬಹಳ ಹೊತ್ತು ಹೊಡೆಯಿತು. ಪಟ್ಟಣದವರು ಮರುದಿನವೂ ಬಂದರು, ಮರುವಾರವೂ ಬಂದರು; ಅಬ್ದೋನ್ ಹೋಗಲಿಲ್ಲ. ಊರಿನವರು ಈಗಲೂ ಅಬ್ದೋನನ ಎದುರಿಗೆ ಮಕ್ಕಳನ್ನು ಬಿಡುವುದಿಲ್ಲ.

ಮಧ್ಯಾಹ್ನಕ್ಕೆ ತುಳಿತ ಮುಗಿಯಿತು. ಬೆನೀತಾ ತನ್ನ ಮನೆಯಿಂದ ತಂದ ಗಂಟು ಬಿಚ್ಚಿ ಗಡ್ಡೆ, ಗಿಣ್ಣು ಇಟ್ಟಳು. ಅಬ್ದೋನ್ ಕಟ್ಟಿದ ಬಾಗಿಲನ್ನು ನೋಡಿದ.

"ಇದು ನಮ್ಮ ಒಲೆಯದು ಅವ್ವಾ."

"ಹೌದು," ಎಂದಳು ಬೆನೀತಾ. "ಲೆಕ್ಕಕ್ಕೆ ಬರಲ್ಲ."

ಚುನ್ಯೊ ಒಣಗಿದ ಮೇಲೆ ಅವನು ಅದನ್ನು ಚೀಲ ತುಂಬಿ, ಹಿಲಾರಿಯಾಳ ಮನೆಯೊಳಗೆ, ಮಡಿಸಿಟ್ಟ ಕೋಟಿನ ಪಕ್ಕದಲ್ಲಿಟ್ಟು, ಬಾಗಿಲಿಗೆ ಮತ್ತೆ ಹಗ್ಗ ಕಟ್ಟಿ ಬಂದ. ಪಿನ್ನು ಕೋಟಿನ ಮೇಲಿತ್ತು. ಫ್ರೊಯ್ಲಾನ್ ಬಂದು ಆ ಒಲೆ ಹಚ್ಚಿ, ಬಾ ಉಣ್ಣು ಎಂದು ಕರೆದ ದಿನ ಆ ಮುಯ್ಯಿ ತೀರಬೇಕು. ಅಲ್ಲಿಯವರೆಗೆ ಲಾರೂತರ ಮನೆಯ ಮೇಲೆ ಒಂದು ದಿನ ಬಾಕಿಯಿದೆ. ಪ್ರತಿ ವರ್ಷ ಬಿಳಿ ಚಳಿ ಬಿದ್ದ ಬೆಳಿಗ್ಗೆ ಅಬ್ದೋನ್ ಕಾಲುವೆ ದಾಟಿ ಹೋಗಿ, ಆ ಬಾಗಿಲಿನ ಹಗ್ಗ ಬಿಚ್ಚಿದೆಯೇ ಎಂದು ನೋಡಿ ಬರುತ್ತಾನೆ.